ಬೀಟಲ್ಸ್‌ಗೂ ಸಿಗದ ಅಮೆರಿಕದ ಬಾಸ್

ಹೆಡ್‌ಫೋನ್ ಹಾಕ್ಕೊಂಡು 1964ರ ಒಂದು ಬೀಟಲ್ಸ್ ಹಾಡು ಕೇಳಿ, ಅದಾದ ಮೇಲೆ ಅದೇ ಕಾಲದ, ಅಮೆರಿಕದ ಡೆಟ್ರಾಯ್ಟ್‌ನ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯ ಹಾಡೊಂದು ಹಾಕಿ. ಬೀಟಲ್ಸ್‌ದು ನೀಟಾಗಿದೆ, ಗಿಟಾರು ಝಣಝಣ ಅನ್ನುತ್ತೆ, ಆದ್ರೆ ಕೆಳಗಡೆ ಬಾಸು, ಅಂದ್ರೆ ಆ ಗುಂ ಅನ್ನೋ ತಗ್ಗು ಸ್ವರದ ಸದ್ದು, ಇದ್ಯೋ ಇಲ್ವೋ ಅನ್ನೋ ಹಾಗೆ. ಮೋಟೌನ್‌ದು ಶುರುವಾಗ್ತಿದ್ದ ಹಾಗೇ ಬಾಸು ಬಂದು ಎದೆಗೇ ಗುದ್ದುತ್ತೆ. ಈ ಕೊರಗು ಸ್ವತಃ ಬೀಟಲ್ಸ್‌ಗೇ ಇತ್ತು, ಅಮೆರಿಕದ ರೆಕಾರ್ಡ್ ತಂದು ಹಾಕಿ ನಮ್ದು ಯಾಕೆ ಹೀಗಿಲ್ಲ ಅಂತ ಸ್ಟುಡಿಯೋದವರ ತಲೆ ತಿಂತಿದ್ರು.

ಅವರು ಹಾಡ್ತಿದ್ದ ಲಂಡನ್ನಿನ ಆಬಿ ರೋಡ್ ಸ್ಟುಡಿಯೋ ಇಎಂಐ ಅನ್ನೋ ರೆಕಾರ್ಡ್ ಕಂಪನಿದು, 1931ರಲ್ಲಿ ಶುರುವಾಗಿದ್ದು, ಥೇಟ್ ಸರ್ಕಾರಿ ಆಫೀಸು. ಟೆಕ್ನಿಕಲ್ ಸ್ಟಾಫ್‌ಗೆ ಬಿಳಿ ಕೋಟು, ಡ್ರಮ್ ಹತ್ರ ಮೈಕು ಎಷ್ಟು ದೂರ ಇರ್ಬೇಕು ಅನ್ನೋದಕ್ಕೂ ರೂಲು. ಬಾಸ್ ಮಾತ್ರ ರೂಲಿಗಷ್ಟೇ ಅಲ್ಲ, ಹೆದರಿಕೆಗೂ ಬಲಿಯಾಗಿದ್ದು. ಬಾಸ್ ಜಾಸ್ತಿ ಇದ್ರೆ ಗ್ರಾಮಫೋನ್ ಪ್ಲೇಟಿನ ಗೆರೆ ಅಕ್ಕಪಕ್ಕಕ್ಕೆ ಜೋರಾಗಿ ಓಲಾಡುತ್ತೆ, ಕಡಿಮೆ ರೇಟಿನ ಪ್ಲೇಯರ್‌ನಲ್ಲಿ ಮುಳ್ಳು ಎಗರಿಬಿಡುತ್ತೆ, ಗಿರಾಕಿ ಪ್ಲೇಟು ಹಿಡ್ಕೊಂಡು ವಾಪಸ್ ಅಂಗಡಿಗೆ ಬರ್ತಾನೆ. ಅದಕ್ಕೇ ಸ್ಟುಡಿಯೋದಲ್ಲಿ ಎಷ್ಟೇ ಬಾಸ್ ಹಿಡಿದ್ರೂ ಪ್ಲೇಟು ಕೊರೆಯೋನು ಮೊದಲು ಕತ್ತರಿ ಹಾಕ್ತಿದ್ದಿದ್ದೇ ಬಾಸ್‌ಗೆ.

ಅತ್ತ ಮೋಟೌನ್ ಅಂದ್ರೆ ಒಂದು ಮನೆ ಅಷ್ಟೇ, ಸ್ಟುಡಿಯೋ ಇದ್ದಿದ್ದು ಗ್ಯಾರೇಜಿನ ಜಾಗದಲ್ಲಿ. ಅಲ್ಲಿ ಬಾಸ್ ನುಡಿಸ್ತಿದ್ದ ಜೇಮ್ಸ್ ಜೇಮರ್‌ಸನ್ ಬಾಸ್ ಗಿಟಾರಿನ ವೈರನ್ನ ಆಂಪ್ಲಿಫೈಯರ್ (ಸದ್ದು ಜೋರು ಮಾಡೋ ಪೆಟ್ಟಿಗೆ) ಗೋಜೇ ಇಲ್ದೆ ನೇರ ರೆಕಾರ್ಡಿಂಗ್‌ಗೇ ಕೊಡ್ತಿದ್ರು, ಮೈಕೂ ಇಲ್ಲ ರೂಮಿನ ಸದ್ದೂ ಇಲ್ಲ, ಬರೀ ತಂತಿ ಮತ್ತೆ ಬೆರಳು. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೋ ಒಂದು ಹಳೇ ಸಿನಿಮಾ ಟಾಕೀಸು, ನೆಲ ಇನ್ನೂ ಇಳಿಜಾರಾಗೇ ಇತ್ತು. ನ್ಯೂಯಾರ್ಕಿನ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯವರ ಹತ್ರ 1958ಕ್ಕೇ 8 ಟ್ರ್ಯಾಕ್ ಮಷೀನಿತ್ತು, ಅಂದ್ರೆ ಎಂಟು ಸದ್ದುಗಳನ್ನ ಬೇರೆಬೇರೆಯಾಗಿ ಒಂದೇ ಟೇಪಲ್ಲಿ ಹಿಡಿಯೋದು, ಆಬಿ ರೋಡ್‌ನಲ್ಲಿ ಬೀಟಲ್ಸ್‌ಗೆ ಅದು ಸಿಕ್ಕಿದ್ದು 1968ರಲ್ಲಿ, ಅಂದ್ರೆ ಹತ್ತು ವರ್ಷ ಲೇಟು!

ಗಿಟಾರ್ ಸೌಂಡಿನ ಕತೇನೂ ಇಂಥದ್ದೇ. 1951ರಿಂದ 1959ರವರೆಗೆ ಅಮೆರಿಕದ ವಾದ್ಯಗಳನ್ನ ಬ್ರಿಟನ್‌ಗೆ ತರಿಸೋ ಹಾಗೇ ಇರ್ಲಿಲ್ಲ. ಆಮೇಲೆ ಬಂದ್ರೂ ವಿಪರೀತ ರೇಟು, ಹಾಗಾಗಿ 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪ್ಲಿಫೈಯರನ್ನೇ ನೋಡ್ಕೊಂಡು ಕೈಗೆ ಸಿಕ್ಕ ಪಾರ್ಟ್ಸ್ ಹಾಕಿ, ಅಲ್ಲಿನದೇ ಸೆಲೆಸ್ಟಿಯನ್ ಸ್ಪೀಕರ್ ಜೋಡಿಸಿ ಒಂದು ಮಾಡಿದ್ರು. ಸರ್ಕ್ಯೂಟ್ ಹೆಚ್ಚುಕಮ್ಮಿ ಅದೇ, ಸದ್ದು ಮಾತ್ರ ಬೇರೆ. ಬ್ರಿಟಿಷ್ ಸೌಂಡ್ ಅಂತ ನಾವು ಬಾಯಿ ತುಂಬ ಹೊಗಳೋದ್ರಲ್ಲಿ ಅರ್ಧ, ನನ್ನ ಪ್ರಕಾರ, ಹಿಂಗೆ ಅಮೆರಿಕದ್ದನ್ನ ಕಾಪಿ ಹೊಡೆಯೋಕೆ ಹೋಗಿ ಸರಿಯಾಗಿ ಬರದೇ ಹುಟ್ಟಿದ್ದು.

ಬ್ರಿಟನ್ನಿನದೇ ಇನ್ನೊಂದು ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಈ ತಲೆನೋವೇ ಬೇಡ ಅಂತ 1964ರ ಜೂನ್‌ನಲ್ಲಿ ಸೀದಾ ಶಿಕಾಗೋದ ಚೆಸ್ ಸ್ಟುಡಿಯೋಗೇ ಹೋಗಿ ರೆಕಾರ್ಡ್ ಮಾಡಿದ್ರು. ಬೀಟಲ್ಸ್ ಕೂಡ 1966ರಲ್ಲಿ ಮೆಂಫಿಸ್‌ಗೆ ಹೋಗೋ ಪ್ಲಾನ್ ಹಾಕಿದ್ರು, ಮ್ಯಾನೇಜರ್ ಹೋಗಿ ಜಾಗಾನೂ ನೋಡ್ಕೊಂಡು ಬಂದ, ಆದ್ರೆ ಕೂಡಿ ಬರ್ಲಿಲ್ಲ. ಸರಿ, ಮತ್ತೆ ಆಬಿ ರೋಡೇ ಗತಿ. ಆ ಏಪ್ರಿಲ್‌ನಲ್ಲಿ ಇಂಜಿನಿಯರ್ ಸೀಟಲ್ಲಿ ಕೂತಿದ್ದ ಜೆಫ್ ಎಮೆರಿಕ್‌ಗೆ ಬರೀ 20 ವರ್ಷ. ರೂಲು ಮುರಿದು ಡ್ರಮ್‌ಗೆ ಮೈಕು ಹತ್ರ ತಂದ, ಡ್ರಮ್ ಒಳಗೆ ಫೋಟೋ ಶೂಟ್‌ಗೋಸ್ಕರ ಮಾಡಿಸಿದ್ದ ನಾಲ್ಕು ಕತ್ತಿನ ಉಲ್ಲನ್ ಸ್ವೆಟರ್ ತುರುಕಿದ. 'ಪೇಪರ್‌ಬ್ಯಾಕ್ ರೈಟರ್' ಹಾಡಿಗಂತೂ ಮೈಕೇ ಬಿಟ್ಟು ಒಂದು ದೊಡ್ಡ ಸ್ಪೀಕರನ್ನೇ ಬಾಸ್ ಆಂಪ್ಲಿಫೈಯರ್ ಮುಂದೆ ಇಟ್ಟು ಅದನ್ನೇ ಮೈಕ್ ಥರ ಬಳಸಿದ್ರು, ಪ್ಲೇಟು ಕೊರೆಯೋವಾಗ ಮುಳ್ಳು ಎಗರದ ಹಾಗೆ ನೋಡ್ಕೊಳ್ಳೋ ಹೊಸ ಉಪಕರಣಾನೂ ಬಂದಿತ್ತು. ಬಾಸು ಬಂತು ನೋಡಿ ಆಗ. ಆದ್ರೂ ಅದು ಮೋಟೌನ್ ಥರ ಇಲ್ಲ, ಇನ್ನೂ ದುಂಡಗೆ, ಒಂಥರಾ ಉರುಳ್ಕೊಂಡು ಬರೋ ಹಾಗಿದೆ.

ಇದ್ರ ಮಧ್ಯೆ ಒಂದು ತಮಾಷೆ. ಇಎಂಐದೇ ಅಮೆರಿಕದ ಕಂಪನಿ ಕ್ಯಾಪಿಟಲ್‌ನಲ್ಲಿದ್ದ ಡೇವ್ ಡೆಕ್ಸ್‌ಟರ್‌ಗೆ ಲಂಡನ್ ಟೇಪು ಸಪ್ಪೆ ಅನ್ನಿಸಿ 'ಐ ಫೀಲ್ ಫೈನ್' ಹಾಡಿಗೆ ಮೇಲಿಂದ ಎಕೋ ಸುರಿದುಬಿಟ್ಟಿದ್ರು, ಕೇಳಿದ್ರೆ ಬಚ್ಚಲುಮನೆಯಲ್ಲಿ ಹಾಡಿದ ಹಾಗಿದೆ. 1987-88ರಲ್ಲಿ ಸಿಡಿ ಬಂದಾಗ ಲಂಡನ್ನಿನ ಎಕೋ ಇಲ್ಲದ ಮೂಲವೇ ಎಲ್ಲ ಕಡೆ ಬಂತು, ಬಚ್ಚಲುಮನೆ ಹಾಡು ಕೇಳ್ಕೊಂಡೇ ಬೆಳೆದ ಅಮೆರಿಕದವರಿಗೆ ಏನೋ ಕಳ್ಕೊಂಡ ಹಾಗಾಯ್ತು. ಕೊನೆಗೆ 2004ರಲ್ಲಿ ಕ್ಯಾಪಿಟಲ್‌ನವರು ಆ ಎಕೋ ಸಮೇತ ಬಾಕ್ಸ್ ಸೆಟ್ ಮಾಡಿ ಮಾರಿದ್ರು.