ಎಳೆದರೆ ಹರಿಯುವ ಹಿಟ್ಟು: ಲಾನ್‌ಝೌ ನೂಡಲ್ಸ್ ಮನೆಗೆ ಬಂದ ದಾರಿ

ಕೈಯಲ್ಲಿ ಎಳೆದು ನೂಡಲ್ಸ್ ಮಾಡೋಣ ಅಂತ ಮೈದಾ ಕಲಸಿ, ಮುಚ್ಚಿಟ್ಟು, ಎರಡೂ ತುದಿ ಹಿಡಿದು ಎಳೆದರೆ ಹಿಟ್ಟು ಪಟ್ಟಂತ ಹರಿಯುತ್ತದೆ. ವಿಡಿಯೋದಲ್ಲಿ ಮಾತ್ರ ಅದು ಮಡಿಕೆಗೊಮ್ಮೆ ಇಮ್ಮಡಿಯಾಗಿ, ಎಂಟು ಮಡಿಕೆಗೆ 256 ಎಳೆ! ಸೋಡಾ ಹಾಕಿ ಅನ್ನುವವರು ಒಬ್ಬರು, ಹಾಕಲೇಬೇಡಿ ಅನ್ನುವವರು ಇನ್ನೊಬ್ಬರು. ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಅಡುಗೆಯ ಬಗ್ಗೆ.

ಲಾನ್‌ಝೌ ಚೀನಾದ ವಾಯವ್ಯದಲ್ಲಿ, ಹಳದಿ ನದಿಯ ದಂಡೆಯಲ್ಲಿರುವ ಊರು. ಗಾನ್ಸು ಪ್ರಾಂತ್ಯದ ರಾಜಧಾನಿ. ಅಲ್ಲಿ 1915ರ ಹೊತ್ತಿಗೆ ಮಾ ಬಾವೋಜಿ ಎಂಬ ಹ್ವೇ ಸಮುದಾಯದ (ಚೀನೀ ಮುಸ್ಲಿಮರ ಒಂದು ಸಮುದಾಯ) ವ್ಯಾಪಾರಿ ಹೆಗಲ ಮೇಲೆ ಹೊತ್ತು ಮಾರಿದ ದನದ ಮಾಂಸದ ಸಾರಿನ ನೂಡಲ್ಸ್ ಮುಂದೆ ಅಂಗಡಿ ಸೇರಿತು. 1980ರ ದಶಕದ ಕೊನೆಯಿಂದ ಪಕ್ಕದ ಛಿಂಗ್‌ಹಾಯ್ ಪ್ರಾಂತ್ಯದ ಹ್ವಾಲೊಂಗ್ ಕಡೆಯವರ ಕೈಯಲ್ಲಿ ‘ಲಾನ್‌ಝೌ ಲಾಮಿಯೆನ್’ (ಎಳೆದ ನೂಡಲ್ಸ್) ಎಂಬ ಬೋರ್ಡ್ ಹೊತ್ತು ಚೀನಾದ ತುಂಬ ಹರಡಿತು. ಲಾನ್‌ಝೌನವರಿಗೆ ಅದು ಈಗಲೂ ಬೆಳಗಿನ ತಿಂಡಿ. 2007ರಲ್ಲಿ ಬಟ್ಟಲಿನ ಬೆಲೆ ಏರಿದಾಗ ಅಧಿಕಾರಿಗಳೇ ಮಧ್ಯೆ ಬಂದು ದರ ಕಟ್ಟಿದ್ದರು. ತಿಂಡಿ ಅಂದರೆ ಅಷ್ಟು ಗಂಭೀರ ವಿಷಯ, ಅಲ್ವಾ?

ಗಮನಿಸಬೇಕಾದದ್ದು ಹಿಟ್ಟನ್ನು. ಹಿಂದೆ ಆ ಒಣ ಸೀಮೆಯ ಒಂದು ಗಿಡವನ್ನು ಸುಟ್ಟು, ಅದರ ಬೂದಿಯನ್ನು ನೀರಿಗೆ ಹಾಕಿ ಹಿಟ್ಟು ಕಲಸುತ್ತಿದ್ದರು. ಪೆಂಗ್‌ಹ್ವೇ ಅಂತ ಆ ಬೂದಿಯ ಹೆಸರು. ಅದರ ಮುಖ್ಯ ಸತ್ವ ಪೊಟ್ಯಾಷಿಯಂ ಕಾರ್ಬೊನೇಟ್, ಅಂದರೆ ಕ್ಷಾರ. ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡ್‌ಖಾರವೂ ಇದೇ ಜಾತಿಯದು. ಕ್ಷಾರ ಬಿದ್ದರೆ ಗೋಧಿಯ ಅಂಟು ಗಟ್ಟಿಯಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ, ಬೆಂದ ಎಳೆಗೆ ಜಗಿಯುವ ಹದ ಬರುತ್ತದೆ. ಆದರೆ ಗಟ್ಟಿಯಾದ ಅಂಟು ಎಳೆದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಸುಮ್ನೆ ಸೋಡಾ ಸುರಿದವರಿಗೆ ಆಗುವುದು ಇದೇ.

ಈಗಿನ ಅಂಗಡಿಗಳು ಬೂದಿ ಬಿಟ್ಟು ಸಿದ್ಧ ಪುಡಿ ಬಳಸುತ್ತವೆ. ಅಂಥ ಪುಡಿಗಳಲ್ಲಿ ಉಪ್ಪು, ಕ್ಷಾರದ ಜೊತೆ ಗಟ್ಟಿಯಾದ ಅಂಟನ್ನು ಸಡಿಲಿಸುವ ಸೋಡಿಯಂ ಮೆಟಾಬೈಸಲ್ಫೈಟ್ ಕೂಡ ಇರುವುದುಂಟು. ಬಿಸ್ಕತ್ತಿನ ಕಾರ್ಖಾನೆಯಲ್ಲೂ ಹಿಟ್ಟು ಸಡಿಲಿಸಲು ಇದನ್ನೇ ಹಾಕುತ್ತಾರೆ. ಎಳೆಯುವವರ ಕೈಚಳಕ ನಿಜ, ಪುಡಿಯ ಪಾಲೂ ನಿಜ. ವಿಡಿಯೋಗಳಲ್ಲಿ ಕೈ ಕಾಣುತ್ತದೆ, ಪುಡಿ ಕಾಣುವುದಿಲ್ಲ.

ಪುಡಿ ಸಿಗದ ದೇಶಗಳ ಮನೆ ಅಡುಗೆಯವರು ಬದಲಿ ಹುಡುಕಿದರು. ಅಡುಗೆ ಸೋಡಾವನ್ನು ಓವನ್‌ನಲ್ಲಿ ಒಂದು ಗಂಟೆ ಕಾಯಿಸಿದರೆ ಅದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಇದರಿಂದ ಕ್ಷಾರದ ಸಮಸ್ಯೆ ಮುಗಿಯಿತು. ಸಡಿಲಿಸಲು ನ್ಯೂಟ್ರಿಷನಲ್ ಯೀಸ್ಟ್ (ಹಿಟ್ಟು ಉಬ್ಬಿಸದ, ಜೀವವಿಲ್ಲದ ಯೀಸ್ಟ್) ಬಂತು, ಅದರಲ್ಲಿ ಅಂಟು ಸಡಿಲಿಸುವ ಗ್ಲುಟಾಥಯೋನ್ ಇರುತ್ತದೆ. ಇಷ್ಟೆಲ್ಲ ಆದರೂ ನಾದುವುದು, ತಿರುಚುವುದು ತಪ್ಪಲಿಲ್ಲ.

ಈ ಗಲಾಟೆಯಲ್ಲಿ ಮರೆತದ್ದು ಆ ಸೀಮೆಯ ಮನೆಗಳನ್ನು. ಅಲ್ಲಿ ಮನೆಯ ನೂಡಲ್ಸ್ ಬೇರೆಯೇ. ಗಾನ್ಸು ಪಕ್ಕದ ಶಾನ್ಶಿ ಪ್ರಾಂತ್ಯದ ಛೆಮಿಯೆನ್ ಎಂಬ ಅಗಲ ನೂಡಲ್ಸ್‌ಗೆ ಕ್ಷಾರವೂ ಬೇಕಿಲ್ಲ, ಪುಡಿಯೂ ಬೇಕಿಲ್ಲ. ಅರ್ಧ ಕೆಜಿ ಹಿಟ್ಟಿಗೆ ಕಾಲು ಲೀಟರ್ ನೀರು, ಒಂದು ಚಮಚ ಉಪ್ಪು. ನಾದಿ, ಉಂಡೆ ಮಾಡಿ, ಎಣ್ಣೆ ಸವರಿ ಎರಡು ಗಂಟೆ ಬಿಡಬೇಕು. ಆಮೇಲೆ ಒಂದೊಂದನ್ನೇ ತಟ್ಟಿ ಅಗಲವಾಗಿ ಎಳೆಯುವುದು. ಇದನ್ನೂ ‘ಕೈಯಲ್ಲಿ ಎಳೆದ ನೂಡಲ್ಸ್’ ಅಂತಲೇ ಕರೆಯುತ್ತಾರೆ, ಹಾಗಾಗಿ ಎರಡರ ಅಳತೆಗಳೂ ಕಲಸುಮೇಲೋಗರವಾದವು. ಮನೆಯಲ್ಲಿ ಮಾಡಲು ಹೊರಟವರಿಗೆ ಇದೇ ಸರಿಯಾದ ಬಾಗಿಲು ಅನ್ನಿಸುತ್ತದೆ.

ಬೆಂದ ಮೇಲೆ ಮೇಲಿಷ್ಟು ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಹಾಕಿ, ಹೊಗೆಯಾಡುವಷ್ಟು ಕಾದ ಎಣ್ಣೆ ಸುರಿಯುತ್ತಾರೆ. ಸೋಯಾ ಸಾಸ್, ಕಪ್ಪು ವಿನೆಗರ್ ಸೇರಿಸಿ ಕಲಸಿದರೆ ಊಟ ಸಿದ್ಧ. ಎಳೆಯುವಾಗ ಹಿಟ್ಟು ಹಿಂದಕ್ಕೆ ಜಗ್ಗಿದರೆ ಬಲ ಹಾಕಬೇಡಿ, ಇನ್ನೊಂದು ಅರ್ಧ ಗಂಟೆ ಮುಚ್ಚಿಡಿ.