ವೀಸಾ ಕಾನೂನಿನೊಳಗೆ ಬಂದ ಜಿಬ್ರಾಲ್ಟರ್ ಜಗಳ

2019ರ ಆರಂಭದಲ್ಲಿ ಐರೋಪ್ಯ ಒಕ್ಕೂಟ ಒಂದು ಸರಳ ಕಾನೂನು ತರಲು ಹೊರಟಿತ್ತು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೂ ಅಲ್ಲಿನ ಜನ 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಬಂದಿರಬಹುದು ಅನ್ನುವುದೇ ಅದರ ತಿರುಳು. ಸ್ಪೇನಿನ ದಕ್ಷಿಣ ತುದಿಗೆ ಅಂಟಿಕೊಂಡ, ಬ್ರಿಟನ್ ಕೈಯಲ್ಲಿರುವ ಪುಟ್ಟ ಬಂಡೆ ಪ್ರದೇಶ ಜಿಬ್ರಾಲ್ಟರ್. ಸ್ಪೇನ್ ಒತ್ತಾಯದಿಂದ ಈ ಕಾನೂನಿಗೆ ಒಂದು ಅಡಿಟಿಪ್ಪಣಿ ಸೇರಿತು: ಜಿಬ್ರಾಲ್ಟರ್ ಬ್ರಿಟಿಷ್ ದೊರೆತನದ ವಸಾಹತು, ಅದರ ಒಡೆತನದ ಬಗ್ಗೆ ವಿವಾದವಿದೆ. ಬ್ರಿಟನ್ ಸಿಟ್ಟಾಯಿತು.

ಈ ಜಗಳಕ್ಕೆ ಮುನ್ನೂರು ವರ್ಷ ದಾಟಿದೆ. 1704ರಲ್ಲಿ ಇಂಗ್ಲಿಷ್ ಮತ್ತು ಡಚ್ ನೌಕಾಪಡೆಗಳು ಈ ಬಂಡೆಯನ್ನು ಹಿಡಿದವು. 1713ರ ಯೂಟ್ರೆಕ್ಟ್ ಒಪ್ಪಂದದಲ್ಲಿ ಸ್ಪೇನ್ ಅದನ್ನು ಬಿಟ್ಟುಕೊಟ್ಟಿತು. ಕೊಟ್ಟದ್ದು ಊರು, ಕೋಟೆ, ಬಂದರು ಮಾತ್ರ, ಈಗ ವಿಮಾನ ನಿಲ್ದಾಣ ಇರುವ ಜಾಗ ಅದರಲ್ಲಿಲ್ಲ ಎಂದು ಸ್ಪೇನ್ ವಾದಿಸುತ್ತಲೇ ಬಂದಿದೆ.

ಅಲ್ಲಿ ಬದುಕುವವರನ್ನು ಕೇಳಬೇಕಲ್ವಾ? 1967ರಲ್ಲಿ ಕೇಳಿದರು. 12,138 ಮಂದಿ ಬ್ರಿಟನ್ ಕಡೆ ನಿಂತರು. ಸ್ಪೇನಿಗೆ ಬಿದ್ದದ್ದು 44 ಮತ. 1969ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಗಡಿಯ ಗೇಟನ್ನೇ ಮುಚ್ಚಿಸಿದ. ಒಂದೇ ಮನೆತನದವರು ಬೇಲಿಯ ಆಚೆ ಈಚೆ ನಿಂತು ಕೂಗಿ ಮಾತಾಡಬೇಕಾಯಿತು. ಗೇಟು ಪೂರ್ತಿ ತೆರೆದದ್ದು 1985ರಲ್ಲಿ. 2002ರಲ್ಲಿ ಜಂಟಿ ಒಡೆತನದ ಮಾತನ್ನೂ ಜನ ತಳ್ಳಿಹಾಕಿದರು.

ಬ್ರಿಟನ್ ಕೂಡ ತನ್ನ ಜನರನ್ನೆಲ್ಲ ಸಮನಾಗಿ ಕಂಡಿಲ್ಲ. 1981ರ ಪೌರತ್ವ ಕಾನೂನು ಅಧೀನ ಪ್ರದೇಶಗಳವರನ್ನು ಬೇರೆ ದರ್ಜೆಗೆ ತಳ್ಳಿತು. ಅವರಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಇರಲಿಲ್ಲ. ಜಿಬ್ರಾಲ್ಟರಿನವರಿಗೆ ಅರ್ಜಿ ಹಾಕಿ ಪೂರ್ಣ ಪೌರತ್ವ ಪಡೆಯುವ ದಾರಿ ಇತ್ತು. ಬೇರೆ ಬಹುತೇಕ ಪ್ರದೇಶಗಳ ಜನ 2002ರವರೆಗೆ ಕಾದರು.

ಬ್ರಿಟನ್ ಒಕ್ಕೂಟದೊಳಗೆ ಇದ್ದಷ್ಟು ದಿನ ಎರಡೂ ಕಡೆಯವರು ಪಟ್ಟು ಹಿಡಿಯಬಹುದಿತ್ತು. ಹೊರಗಿನ ಗಡಿಗಳನ್ನು ಎಲ್ಲ ಸದಸ್ಯ ದೇಶಗಳೂ ಒಂದೇ ನಿಯಮದಲ್ಲಿ ಕಾಯಬೇಕೆಂಬ ಒಪ್ಪಂದ 1991ರಲ್ಲಿ ನಿಂತುಹೋದದ್ದು ಇದೇ ತಕರಾರಿನಿಂದ. 2019ರಲ್ಲಿ ಒಕ್ಕೂಟದಿಂದ ಹೊರಗೆ ಹೊರಟಿದ್ದ ಬ್ರಿಟನ್ ಪರವಾಗಿ ಮಾತಾಡಲು ಮಾತ್ರ ಯಾವ ದೇಶವೂ ಮುಂದೆ ಬರಲಿಲ್ಲ. ಐರೋಪ್ಯ ಸಂಸತ್ತಿನಲ್ಲಿ ಮಸೂದೆಯ ಹೊಣೆ ಹೊತ್ತಿದ್ದವರು ಬ್ರಿಟನ್ನಿನ ಲೇಬರ್ ಸದಸ್ಯ ಕ್ಲಾಡ್ ಮೊರೇಸ್. ಅವರು ಟಿಪ್ಪಣಿಯನ್ನು ಒಪ್ಪಲಿಲ್ಲ. ಅವರನ್ನು ಆ ಹೊಣೆಯಿಂದ ಇಳಿಸಿ ಬಲ್ಗೇರಿಯಾದ ಸೆರ್ಗೈ ಸ್ತಾನಿಶೆವ್ ಅವರಿಗೆ ಕೊಟ್ಟರು. ಏಪ್ರಿಲ್‌ನಲ್ಲಿ ಮಸೂದೆ ಟಿಪ್ಪಣಿಯ ಸಮೇತ ಪಾಸಾಯಿತು.

ಸ್ವಯಂ ಆಡಳಿತ ಇಲ್ಲದ ಪ್ರದೇಶಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಜಿಬ್ರಾಲ್ಟರ್ ಇನ್ನೂ ಇದೆ. ಸ್ಪೇನ್ ತೋರಿಸುವುದು ಅದನ್ನೇ. 2006ರ ಸಂವಿಧಾನದಿಂದ ನಮ್ಮ ಆಡಳಿತ ನಾವೇ ನಡೆಸುತ್ತಿದ್ದೇವೆ ಎಂದು ಜಿಬ್ರಾಲ್ಟರ್ ಹೇಳುತ್ತದೆ. ಎರಡು ಮಾತಿಗೂ ಆಧಾರ ಇದೆ. ಆದರೂ ಜನ ಓಡಾಡಲಿ ಅಂತ ಮಾಡಿದ ಕಾನೂನಿಗೆ ಈ ವಾದವನ್ನು ತುರುಕಿದ್ದು ತಪ್ಪು ಎಂದೇ ನನಗೆ ಅನಿಸುತ್ತದೆ.

ಈ ಬೇಲಿಯನ್ನು ದಿನಕ್ಕೆ ಸುಮಾರು 15,000 ಮಂದಿ ಕೆಲಸಕ್ಕಾಗಿ ದಾಟುತ್ತಾರೆ. 2025ರ ಜೂನ್ 11ರಂದು ಬ್ರಿಟನ್ ಮತ್ತು ಒಕ್ಕೂಟ ಒಂದು ರಾಜಿಗೆ ಬಂದವು: ಬೇಲಿಯ ಹತ್ತಿರದ ತಪಾಸಣೆ ತೆಗೆಯುವುದು, ಪಾಸ್‌ಪೋರ್ಟನ್ನು ವಿಮಾನ ನಿಲ್ದಾಣ ಮತ್ತು ಬಂದರಿನಲ್ಲಿ ನೋಡುವುದು. ಒಡೆತನದ ವಾದವನ್ನು ಎರಡೂ ಕಡೆಯವರು ಹಾಗೇ ಇಟ್ಟುಕೊಂಡಿದ್ದಾರೆ.