ಪಾಲಿಸಿ ಅಂಟುವುದು ಫೋನಿಗಾ, ಖಾತೆಗಾ?

ಹೋದ ವರ್ಷ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಮೀಟಿಂಗ್ ಇತ್ತು. ಸಿಬ್ಬಂದಿ ತಮ್ಮ ಸ್ವಂತ ಫೋನಿನಲ್ಲೇ ಆಫೀಸಿನ ಮೇಲ್ ನೋಡುತ್ತಾರೆ, ಅದಕ್ಕೊಂದು ಭದ್ರತೆ ಮಾಡಿಕೊಡಿ ಎಂದು ಮಾಲೀಕರು ನನ್ನನ್ನು ಕರೆಸಿದ್ದರು. ಆಫೀಸಿನ ಡೇಟಾ ಕಾಯಲು ಕಂಪನಿ ಹಾಕುವ ಇಂಥ ನಿಯಮಗಳಿಗೆ ಪಾಲಿಸಿ ಎನ್ನುತ್ತಾರೆ. ಮೇಜಿನ ಒಂದು ತುದಿಯಲ್ಲಿ ಅವರು, "ಎಲ್ಲಾರ ಫೋನಿಗೂ ಪಾಲಿಸಿ ಹಾಕಿಬಿಡ್ರಿ ಸರ, ಯಾರು ಏನು ಮಾಡ್ತಾರ ಗೊತ್ತಾಗಲಿ" ಎಂದರು. ಇನ್ನೊಂದು ತುದಿಯಲ್ಲಿ ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ಫೋನನ್ನು ಅಂಗಿಯ ಜೇಬಿಗೆ ಸೇರಿಸಿಕೊಂಡು, "ಫೋನ್ ನಂದು, ರೊಕ್ಕ ನಂದು. ಅದರಾಗ ನನ್ನ ಮೊಮ್ಮಗಳ ಫೋಟೋ ಅದಾವು. ಕಂಪನಿಯವರು ಯಾಕ ಕೈ ಹಾಕಬೇಕು?" ಎಂದರು.

ಒಬ್ಬರಿಗೆ ಆಸೆ, ಇನ್ನೊಬ್ಬರಿಗೆ ಭಯ. ಇಬ್ಬರ ತಪ್ಪು ತಿಳಿವಳಿಕೆ ಮಾತ್ರ ಒಂದೇ. ಪಾಲಿಸಿ ಹೋಗಿ ಕೂರುವುದು ಫೋನಿನ ಮೇಲೆ ಎಂದು ಇಬ್ಬರೂ ನಂಬಿದ್ದರು. ನಾನು ಹೋಗುವ ಹತ್ತು ಕಂಪನಿಗಳಲ್ಲಿ ಎಂಟರಲ್ಲಿ ಇದೇ ಕಥೆ. ಲೈಸೆನ್ಸ್, ಗ್ರೂಪ್, ಮೆನು ಇವನ್ನೆಲ್ಲ ಐಟಿ ಹುಡುಗರು ಒಂದು ದಿನದಲ್ಲಿ ಕಲಿತುಬಿಡುತ್ತಾರೆ. ಈ ಒಂದು ಮಾತು ಮಾತ್ರ ತಲೆಗೆ ಇಳಿಯುವುದಿಲ್ಲ. ಅದು ಇಳಿಯದಿದ್ದರೆ ಉಳಿದದ್ದೆಲ್ಲ ಕೆಡುತ್ತದೆ. ಅದಕ್ಕೇ ಇವತ್ತು ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಮೈಕ್ರೋಸಾಫ್ಟ್ ಇಂಟ್ಯೂನ್‌ನ ಆ್ಯಪ್ ಪ್ರೊಟೆಕ್ಷನ್ ಪಾಲಿಸಿ ಬಗ್ಗೆ, ಅದೂ ಫೋನನ್ನು ಕಂಪನಿಗೆ ಎನ್‌ರೋಲ್ ಮಾಡದೆ, ಅಂದರೆ ಇಡೀ ಫೋನನ್ನು ಕಂಪನಿಯ ಹತೋಟಿಗೆ ಒಪ್ಪಿಸದೆ, ಬಳಸುವ ರೀತಿಯ ಬಗ್ಗೆ. ಇಂಟ್ಯೂನ್ ಎಂದರೆ ಕಂಪನಿಗಳು ಫೋನು, ಆ್ಯಪ್‌ಗಳನ್ನು ನಿರ್ವಹಿಸಲು ಬಳಸುವ ಸೇವೆ. 300 ಜನರೊಳಗಿನ ಕಂಪನಿಗಳು ಕೊಳ್ಳುವ ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂನಲ್ಲಿ ಇದು ಸೇರಿಯೇ ಬರುತ್ತದೆ. ಎಷ್ಟೋ ಕಡೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ, ಒಮ್ಮೆಯೂ ತೆರೆದು ನೋಡಿರುವುದಿಲ್ಲ.

ನಿಮ್ಮ ಫೋನಿನ ಔಟ್‌ಲುಕ್‌ನಲ್ಲಿ ಎರಡು ಖಾತೆ ಇವೆ ಎಂದುಕೊಳ್ಳಿ. ಒಂದು ಪಾಲಿಸಿ ಹಾಕಿದ ಆಫೀಸಿನ ಖಾತೆ, ಇನ್ನೊಂದು ನಿಮ್ಮ ಸ್ವಂತ ಜಿಮೇಲ್. ಆಫೀಸಿನ ಮೇಲ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಆ ಸಾಲು ಬರುವುದಿಲ್ಲ. ಸಂಸ್ಥೆಯ ಡೇಟಾವನ್ನು ಇಲ್ಲಿ ಪೇಸ್ಟ್ ಮಾಡಲು ಆಗದು ಎಂಬ ಸೂಚನೆ ಬೀಳುತ್ತದೆ. ಅದೇ ಆ್ಯಪ್, ಅದೇ ನಿಮಿಷ, ಈಗ ಜಿಮೇಲ್ ಖಾತೆಯ ಮೇಲ್‌ನಿಂದ ಕಾಪಿ ಮಾಡಿ. ಸಲೀಸಾಗಿ ಹೋಗುತ್ತದೆ. ಫೋನ್ ಬದಲಾಗಿಲ್ಲ, ಆ್ಯಪೂ ಬದಲಾಗಿಲ್ಲ. ಬದಲಾಗಿದ್ದು ಖಾತೆ ಮಾತ್ರ. ಪಾಲಿಸಿ ಅಂಟಿರುವುದು ಅಲ್ಲಿ.

ಮೀಟಿಂಗ್‌ಗಳಲ್ಲಿ ನಾನು ಬೀರುವಿನ ಉದಾಹರಣೆ ಕೊಡುತ್ತೇನೆ. ಕಂಪನಿ ತನ್ನ ಕಾಗದಪತ್ರ ತುಂಬಿದ ಒಂದು ಕಬ್ಬಿಣದ ಬೀರುವನ್ನು ನಿಮ್ಮ ಮನೆಯಲ್ಲಿ ಇಟ್ಟಿದೆ. ಬೀಗ ಬೀರುವಿನದು, ಬೀಗದ ಕೈ ಕಂಪನಿಯದು. ನೀವು ಕೆಲಸ ಬಿಟ್ಟ ದಿನ ಕಂಪನಿ ಬೀರು ಖಾಲಿ ಮಾಡುತ್ತದೆ. ನಿಮ್ಮ ಅಡುಗೆಮನೆ, ಮಲಗುವ ಕೋಣೆ, ಗೋಡೆಯ ಫೋಟೋ ಯಾವುದೂ ಅವರಿಗೆ ಕಾಣುವುದಿಲ್ಲ. ಅಡ್ಮಿನ್ ಪರದೆಯಲ್ಲಿ ಬರುವುದು ಇಷ್ಟು: ಯಾರ ಖಾತೆ, ಯಾವ ಆ್ಯಪ್, ಅದರ ಆವೃತ್ತಿ, ಫೋನಿನ ಮಾದರಿ, ಕೊನೆಯ ಬಾರಿ ಪಾಲಿಸಿ ಯಾವಾಗ ತಾಗಿತು. ಕರೆಗಳು, ಮೆಸೇಜು, ಗ್ಯಾಲರಿ ಅಲ್ಲಿಲ್ಲ. ಮಾಲೀಕರು ಕೇಳಿದ "ಯಾರು ಏನು ಮಾಡ್ತಾರ" ಎಂಬುದಕ್ಕೂ ಅಲ್ಲಿ ಉತ್ತರ ಸಿಗುವುದಿಲ್ಲ. ಅದನ್ನು ಅವರಿಗೆ ಅಲ್ಲೇ ಹೇಳಿದೆ. ಅವರ ಮುಖ ಸ್ವಲ್ಪ ಸಣ್ಣದಾಯಿತು.

ಆ ಹಿರಿಯರ ಭಯವನ್ನು ಸುಮ್ನೆ ತಳ್ಳಿಹಾಕಬಾರದು. ಅದಕ್ಕೆ ಕಾರಣ ಇದೆ. ಹಿಂದೆ ಆಂಡ್ರಾಯ್ಡ್ ಫೋನಿನ ಮೇಲ್ ಆ್ಯಪಿಗೆ ಆಫೀಸಿನ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ವ್ಯವಸ್ಥೆ) ಖಾತೆ ಸೇರಿಸುವಾಗ ಒಂದು ಪರದೆ ಬರುತ್ತಿತ್ತು. ಎಲ್ಲ ಡೇಟಾ ಅಳಿಸುವ ಅನುಮತಿ ಕೊಡಿ ಎಂದು ಅದು ಕೇಳುತ್ತಿತ್ತು. ಒಪ್ಪಿದರೆ ಅಡ್ಮಿನ್ ಒಂದು ಕ್ಲಿಕ್‌ನಲ್ಲಿ ಇಡೀ ಫೋನ್ ಖಾಲಿ ಮಾಡಬಹುದಿತ್ತು. ನನ್ನ ಪರಿಚಯದ ಹುಡುಗನೊಬ್ಬ ಕೆಲಸ ಬಿಟ್ಟ ದಿನ ಅವನ ಫೋನ್ ಹಾಗೇ ಖಾಲಿಯಾಯಿತು. ಮಗುವಿನ ನಾಮಕರಣದ ವಿಡಿಯೋ ಅದರಲ್ಲೇ ಇತ್ತು. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ವಿಡಿಯೋ ತಿರುಗಿ ಬರಲಿಲ್ಲ. ಇಂಥ ಸುದ್ದಿ ಕ್ಯಾಂಟೀನಿನಿಂದ ಕ್ಯಾಂಟೀನಿಗೆ ಹೋಗುತ್ತದೆ. ಇವತ್ತೂ ಆಂಡ್ರಾಯ್ಡ್‌ನಲ್ಲಿ ಈ ಪಾಲಿಸಿ ಕೆಲಸ ಮಾಡಲು ಕಂಪನಿ ಪೋರ್ಟಲ್ ಎಂಬ ಆ್ಯಪ್ ಇರಲೇಬೇಕು. ಅದರ ಹೆಸರು ಕೇಳಿಯೇ ಜನ ಹೆದರುತ್ತಾರೆ. ಅದು ಸುಮ್ಮನೆ ಇನ್‌ಸ್ಟಾಲ್ ಆಗಿದ್ದರೆ ಸಾಕು, ಅದರಲ್ಲಿ ಸೈನ್ ಇನ್ ಆಗಿ ಫೋನ್ ಎನ್‌ರೋಲ್ ಮಾಡುವ ಅಗತ್ಯ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹೇಳಿದರೆ ನಂಬುವುದಿಲ್ಲ, ತೋರಿಸಬೇಕು. ನಾನು ನನ್ನ ಸ್ವಂತ ಫೋನನ್ನೇ ಮೇಜಿನ ಮೇಲೆ ಇಟ್ಟು, ಲ್ಯಾಪ್‌ಟಾಪ್‌ನಿಂದ ಸೆಲೆಕ್ಟಿವ್ ವೈಪ್, ಅಂದರೆ ಆಫೀಸಿನ ಡೇಟಾ ಮಾತ್ರ ಅಳಿಸುವ ಆದೇಶ, ಕಳಿಸುತ್ತೇನೆ. ಆ್ಯಪ್ ಮುಚ್ಚಿ ತೆರೆದು ಕಾಯಬೇಕು. ಕೆಲವೊಮ್ಮೆ ಬೇಗ ಆಗುತ್ತದೆ, ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ. ಹುಬ್ಬಳ್ಳಿಯಲ್ಲಿ ಅಷ್ಟರಲ್ಲಿ ಗಿರ್ಮಿಟ್ ಮತ್ತು ಚಹಾ ಬಂತು. ಚಹಾ ಮುಗಿಯುವ ಹೊತ್ತಿಗೆ ಔಟ್‌ಲುಕ್‌ನಿಂದ ಆಫೀಸಿನ ಖಾತೆ ಮಾಯವಾಗಿತ್ತು. ಜಿಮೇಲ್ ಅಲ್ಲೇ ಇತ್ತು. ಆ ಹಿರಿಯರ ಕೈಗೆ ಫೋನ್ ಕೊಟ್ಟೆ. ಅವರು ನನ್ನ ಗ್ಯಾಲರಿ ತೆರೆದು ನೋಡಿದರು, ವಾಟ್ಸಾಪ್ ತೆರೆದು ನೋಡಿದರು. ಎರಡೂ ಇದ್ದವು. "ಹಂಗಾದ್ರ ಹಾಕ್ರಿ" ಎಂದು ಜೇಬಿನಿಂದ ತಮ್ಮ ಫೋನ್ ತೆಗೆದರು. ನನಗೆ ಅವರ ಮೇಲೆ ಬಹಳ ಗೌರವ ಬಂತು. ಪೂರ್ತಿ ನೋಡಿಯೇ ಒಪ್ಪುವ ಇಂಥ ಒಬ್ಬರು ಪ್ರತಿ ಕಂಪನಿಯಲ್ಲಿ ಇರಬೇಕು.

ಈಗ ಮಾಲೀಕರ ಕಡೆಯ ತಪ್ಪು. ಇದರಿಂದ ಆಗುವ ನಷ್ಟ ಜಾಸ್ತಿ, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಪೀಣ್ಯದ ಒಂದು ಕಂಪನಿಯಲ್ಲಿ ಪಾಲಿಸಿ ಚೆನ್ನಾಗಿಯೇ ಬರೆದಿದ್ದರು. ಆದರೆ ಅದನ್ನು ಫೋನುಗಳ ಗ್ರೂಪಿಗೆ ಕೊಟ್ಟಿದ್ದರು. ಪಾಲಿಸಿ ಫೋನಿಗೆ ಅಂಟುತ್ತದೆ ಎಂದುಕೊಂಡವರು ಮತ್ತೇನು ಮಾಡುತ್ತಾರೆ, ಅಲ್ವಾ? ಈ ಪಾಲಿಸಿಯನ್ನು ಕೊಡಬೇಕಾದದ್ದು ಬಳಕೆದಾರರ ಗ್ರೂಪಿಗೆ. ಅವರಲ್ಲಿ ಮೂರು ತಿಂಗಳು ಒಂದೇ ಒಂದು ಫೋನಿಗೂ ಅದು ತಾಗಿರಲಿಲ್ಲ. ಎರರ್ ಕೂಡ ಬಂದಿರಲಿಲ್ಲ. ಎಲ್ಲರೂ ನೆಮ್ಮದಿಯಿಂದ ಇದ್ದರು.

ಅದಕ್ಕಿಂತ ದೊಡ್ಡ ತೂತು ಇನ್ನೊಂದಿದೆ. ಪಾಲಿಸಿ ಗೊತ್ತಿರುವುದು ಇಂಟ್ಯೂನ್ ಅಳವಡಿಸಿಕೊಂಡ ಆ್ಯಪ್‌ಗಳಿಗೆ ಮಾತ್ರ. ಔಟ್‌ಲುಕ್, ಟೀಮ್ಸ್, ಒನ್‌ಡ್ರೈವ್, ವರ್ಡ್, ಎಕ್ಸೆಲ್, ಎಡ್ಜ್ ಇವೆಲ್ಲ ಸರಿ. ಐಫೋನಿನ ಜೊತೆಗೇ ಬರುವ ಮೇಲ್ ಆ್ಯಪಿಗೆ ಇದರ ಗಂಧಗಾಳಿ ಇಲ್ಲ. ಔಟ್‌ಲುಕ್‌ನಲ್ಲಿ ಪಿನ್ ಕೇಳುತ್ತದೆ, ಕಾಪಿ ಆಗುವುದಿಲ್ಲ ಎಂದು ಬೇಸತ್ತವರು ಆಫೀಸಿನ ಖಾತೆಯನ್ನು ಆ ಮೇಲ್ ಆ್ಯಪಿಗೆ ಸೇರಿಸಿಕೊಂಡರೆ ಮುಗಿಯಿತು. ಬೀರುವಿಗೆ ಭದ್ರ ಬೀಗ ಹಾಕಿ, ಕಾಗದಗಳನ್ನು ಹಿತ್ತಲ ಬಾಗಿಲಲ್ಲಿ ಕೊಟ್ಟ ಹಾಗೆ. ಈ ಬಾಗಿಲು ಮುಚ್ಚುವುದು ಕಂಡೀಷನಲ್ ಆಕ್ಸೆಸ್, ಅಂದರೆ ಷರತ್ತು ಪೂರೈಸಿದರೆ ಮಾತ್ರ ಸೈನ್ ಇನ್‌ಗೆ ಬಿಡುವ ವ್ಯವಸ್ಥೆ. ಅದು ಮೈಕ್ರೋಸಾಫ್ಟ್‌ನ ಖಾತೆ ಮತ್ತು ಸೈನ್ ಇನ್ ನೋಡಿಕೊಳ್ಳುವ ಎಂಟ್ರಾ ಐಡಿಯಲ್ಲಿ ಇದೆ. ಅಲ್ಲಿ ಆ್ಯಪ್ ಪ್ರೊಟೆಕ್ಷನ್ ಪಾಲಿಸಿ ಕಡ್ಡಾಯ ಎಂಬ ಷರತ್ತು ಇಟ್ಟರೆ, ಪಾಲಿಸಿ ಒಪ್ಪುವ ಆ್ಯಪಿಗೆ ಮಾತ್ರ ಮೇಲ್ ಇಳಿಯುತ್ತದೆ. ಒಂದನ್ನು ಮಾಡಿ ಇನ್ನೊಂದನ್ನು ಬಿಡಬೇಡಿ. ಪಾಲಿಸಿ ಖಾತೆಗೆ ಅಂಟುತ್ತದೆ ಎಂದು ಅರ್ಥವಾದವರಿಗೆ, ಆ ಖಾತೆ ಯಾವ ಆ್ಯಪಿನೊಳಗೆ ಹೋಗಬಹುದು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಅರ್ಥವಾಗದವರಿಗೆ ಬರುವುದೇ ಇಲ್ಲ. ಆನ್ ಮಾಡುವ ಮೊದಲು ಒಂದೆರಡು ವಾರ ರಿಪೋರ್ಟ್ ಓನ್ಲಿ (ತಡೆಯದೆ ವರದಿ ಮಾತ್ರ ಕೊಡುವ) ಸ್ಥಿತಿಯಲ್ಲಿ ಇಡಿ, ತುರ್ತು ಅಡ್ಮಿನ್ ಖಾತೆಯೊಂದನ್ನು ಈ ಷರತ್ತಿನಿಂದ ಹೊರಗಿಡಿ. ತಾವೇ ಹಾಕಿದ ಷರತ್ತಿಗೆ ಸಿಕ್ಕಿ ಹೊರಗೆ ಉಳಿದ ಅಡ್ಮಿನ್‌ಗಳನ್ನು ನಾನು ನೋಡಿದ್ದೇನೆ.

ಸೆಟ್ಟಿಂಗ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೈಕ್ರೋಸಾಫ್ಟ್ ತಾನೇ ಮೂರು ಹಂತಗಳ ಮಾದರಿ ಕೊಟ್ಟಿದೆ, ಹೆಚ್ಚಿನ ಕಂಪನಿಗಳಿಗೆ ಎರಡನೆಯದು ಸಾಕು. ಆಫೀಸಿನ ಡೇಟಾ ಪಾಲಿಸಿ ಇರುವ ಆ್ಯಪ್‌ಗಳ ನಡುವೆ ಮಾತ್ರ ಓಡಾಡಲಿ. ಹೊರಗಿನಿಂದ ಒಳಗೆ ಪೇಸ್ಟ್ ಮಾಡಲು ಬಿಡಿ, ಇಲ್ಲದಿದ್ದರೆ ಜನ ದಿನವಿಡೀ ಶಪಿಸುತ್ತಾರೆ. ಫೈಲ್ ಉಳಿಸುವುದಕ್ಕೆ ಆಫೀಸಿನ ಒನ್‌ಡ್ರೈವ್ ಮತ್ತು ಶೇರ್‌ಪಾಯಿಂಟ್ ಸಾಕು. ಹಳೆಯ ಆಂಡ್ರಾಯ್ಡ್ ಆವೃತ್ತಿಗಳಿಗೆ ಮೊದಲ ದಿನವೇ ಬ್ಲಾಕ್ ಹಾಕಬೇಡಿ, ಎಚ್ಚರಿಕೆ ಮಾತ್ರ ಕೊಡಿ. ಹೊಸ ಫೋನ್ ಕೊಳ್ಳಲು ಎಲ್ಲರ ಕೈಯಲ್ಲೂ ದುಡ್ಡಿರುವುದಿಲ್ಲ.

ಕೀಬೋರ್ಡ್ ವಿಷಯದಲ್ಲಿ ಮಾತ್ರ ನಿಲ್ಲುತ್ತೇನೆ, ಏಕೆಂದರೆ ಅದು ನಮ್ಮ ಭಾಷೆಯ ಮಾತು. ಬೇರೆ ಕಂಪನಿಗಳ ಕೀಬೋರ್ಡ್ ತಡೆಯುವ ಆಯ್ಕೆ ಐಫೋನಿಗಿದೆ. ಆಂಡ್ರಾಯ್ಡ್‌ನಲ್ಲಿ ಒಪ್ಪಿದ ಕೀಬೋರ್ಡುಗಳ ಪಟ್ಟಿ ಮಾಡಬಹುದು. ಮೈಸೂರಿನ ಒಂದು ಕಡೆ ಇದನ್ನು ಆನ್ ಮಾಡಿದ ಮರುದಿನ ಕನ್ನಡದಲ್ಲಿ ಗ್ರಾಹಕರಿಗೆ ಬರೆಯುತ್ತಿದ್ದ ಹೆಣ್ಣುಮಗಳೊಬ್ಬಳು ಗಾಬರಿಯಾಗಿ ಫೋನ್ ಮಾಡಿದಳು. ಅವಳಿಗೆ ಅಭ್ಯಾಸವಾಗಿದ್ದ ಕನ್ನಡ ಕೀಬೋರ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಮೊದಲೇ ಎಲ್ಲರನ್ನೂ ಕೇಳಿದ್ದರೆ ಹತ್ತು ನಿಮಿಷದ ಕೆಲಸ. ಇನ್ನೊಂದು ಎಚ್ಚರ: ಐಫೋನಿನ ಈ ತಡೆ ಅದೇ ಆ್ಯಪಿನ ಸ್ವಂತ ಖಾತೆಗೂ ತಾಗುತ್ತದೆ. ನಾನು ಇಷ್ಟು ಹೊತ್ತು ಹೇಳಿದ ಮಾತಿಗೆ ಇದೊಂದು ಅಪವಾದ. ಜನರಿಗೆ ಹೇಳುವಾಗ ಇದನ್ನು ಮುಚ್ಚಿಡಬೇಡಿ.

ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಡೇಟಾಕ್ಕೆ ತಕ್ಕ ರಕ್ಷಣೆ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಈ ಅಂಕಿ ಕೇಳಿದವರು ತಕ್ಷಣ ಪಾಲಿಸಿ ಹಾಕಿಸಿ, ಕಾಯ್ದೆ ಪಾಲಿಸಿದೆವು ಎಂದು ಕೂರುತ್ತಾರೆ. ಅದು ಹಾಗಲ್ಲ. ಪಾಲಿಸಿ ಒಂದು ಕ್ರಮ ಅಷ್ಟೇ. ಉಳಿದದ್ದನ್ನು ನಿಮ್ಮ ವಕೀಲರ ಹತ್ತಿರ ಕೇಳಿ. ಗ್ರಾಹಕರ ಆಧಾರ್ ಪ್ರತಿ ವಾಟ್ಸಾಪ್ ಗ್ರೂಪಿನಲ್ಲಿ ಹರಿದಾಡುತ್ತಿದ್ದರೆ ಈ ಪಾಲಿಸಿ ಅದನ್ನು ತಡೆಯಲಾರದು. ಅದು ಬೀರುವಿನೊಳಗೆ ಬಂದೇ ಇಲ್ಲ.

ಮೊನ್ನೆ ಹುಬ್ಬಳ್ಳಿಯ ಆ ಹಿರಿಯರ ಕರೆ ಬಂತು. ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಫೋನ್ ಕಳೆದುಹೋಗಿತ್ತು. ಮಗನ ಫೋನಿನಿಂದ ಮಾತಾಡುತ್ತಿದ್ದರು. ಮೊದಲು ಹೇಳಿದ್ದೇ, "ಸರ, ಕಂಪನಿ ಲೆಕ್ಕ ಅದರಾಗ ಐತಿ, ಬೇಗ ಅಳಿಸ್ರಿ." ಪಾಸ್‌ವರ್ಡ್ ಬದಲಿಸಿ, ಸೈನ್ ಇನ್‌ಗಳನ್ನು ಕಡಿದು, ವೈಪ್ ಕಳಿಸಿದೆವು. ಆ್ಯಪ್ ತೆರೆದು ನೆಟ್‌ವರ್ಕ್ ಸಿಕ್ಕಾಗಲೇ ವೈಪ್ ಆಗುವುದು. ಅಲ್ಲಿಯವರೆಗೆ ಆ ಡೇಟಾ ಎನ್‌ಕ್ರಿಪ್ಟ್ ಆಗಿ, ಪಿನ್ ಹಿಂದೆ ಇರುತ್ತದೆ. ಅದನ್ನು ಅವರಿಗೆ ವಿವರಿಸಿದೆ. ಸಮಾಧಾನವಾಯಿತು.

ಆಮೇಲೆ ಮೆಲ್ಲಗೆ ಕೇಳಿದರು, "ಮತ್ತ ಫೋಟೋ?"

ಅವರು ಗೂಗಲ್ ಫೋಟೋಸ್ ಬ್ಯಾಕಪ್ ಆಫ್ ಮಾಡಿದ್ದರು. 15 ಜಿಬಿ ತುಂಬಿತ್ತಂತೆ. ಫೋಟೋಗಳನ್ನು ಕಂಪನಿ ಮುಟ್ಟುವುದಿಲ್ಲ ಎಂದು ನಾನೇ ತೋರಿಸಿದ್ದೆ. ಮುಟ್ಟದ ಮೇಲೆ ಕಾಯುವುದೂ ಇಲ್ಲ ಎಂಬುದನ್ನು ಅವತ್ತು ಹೇಳಿರಲಿಲ್ಲ. ಮಗನ ವಾಟ್ಸಾಪ್‌ನಿಂದ ನಲವತ್ತೋ ಐವತ್ತೋ ಫೋಟೋ ಸಿಕ್ಕವು. ಉಳಿದವು ಹೋದವು. ಈಗ ಸಿಬ್ಬಂದಿಗೆ ನಾನು ಕೊಡುವ ಕನ್ನಡದ ಚೀಟಿಯಲ್ಲಿ ಮೊದಲ ಸಾಲೇ ಅದು: ನಿಮ್ಮ ಫೋಟೋಗಳ ಬ್ಯಾಕಪ್ ಆನ್ ಇದೆಯಾ, ಇವತ್ತೇ ನೋಡಿಕೊಳ್ಳಿ.